ಹಲಗಿ ಇರುವ ಊರಿಗೆ ಹೈಹ್ಯಾಟ್ ಸಾಲ ಯಾಕೆ?

ಮೊನ್ನೆ ರಾಯಚೂರಿನಿಂದ ಒಂದು ಟ್ರ್ಯಾಪ್ ಹಾಡು, ಅಂದರೆ ರ್‍ಯಾಪಿನದೇ ಒಂದು ಬಗೆ, ಅಮೆರಿಕದಲ್ಲಿ ನಾನಿರುವ ಅಟ್ಲಾಂಟಾದ ತನಕ ಬಂತು. ಹುಡುಗರ ಕೈಚಳಕಕ್ಕೆ ಕೊರತೆಯಿಲ್ಲ. ಆದರೆ ಹಾಡಿನ ತುಂಬ ಪಿಸ್ತೂಲು, ವಿದೇಶಿ ಕಾರು. ರಾಯಚೂರಿನ ಒಂದು ಓಣಿಯೂ ಅದರೊಳಗಿಲ್ಲ. ಅದು ಚುಚ್ಚಿತು.

ಇಲ್ಲಿ ಟ್ರ್ಯಾಪ್ ಅಂದರೆ ಮೊದಲು ಮಾದಕವಸ್ತು ಮಾರುವ ಮನೆ, ಸಂಗೀತ ಆಮೇಲಿನದು. ಹೊಕ್ಕವನನ್ನು ಬಿಡದ ಬೋನು. ಅಟ್ಲಾಂಟಾದವರು ತಮ್ಮ ಬೀದಿ, ತಮ್ಮ ಪೊಲೀಸ್ ವಲಯದ ನಂಬರಿನ ಸಮೇತ ಅದನ್ನೇ ಹಾಡಿದರು. ನಮ್ಮ ಬೋನು ಬೇರೆ: ಗಂಟುಮೂಟೆ ಕಟ್ಟಿ ಗುಳೆ ಹೋಗುವ ಬಸ್ಸು, ಕಾಲುವೆಯ ಕೊನೆ ಭಾಗಕ್ಕೆ ಮುಟ್ಟದ ನೀರು, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ, ಸಂಡೂರಿನ ಗಣಿಯ ಕೆಂಧೂಳು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ರಾತ್ರಿ ಒಂದು ಇಡೀ ಆಲ್ಬಮ್ಮಿಗೆ ಸಾಕು.

ಸದ್ದಿನಲ್ಲಂತೂ ನಾವು ಬಡವರೇ ಅಲ್ಲ. ಟ್ರ್ಯಾಪಿನ ಗತಿ ಸುಮಾರು 140 ಬಿಪಿಎಂ, ಅಂದರೆ ನಿಮಿಷಕ್ಕೆ 140 ಬಡಿತ. ಸ್ನೇರ್ ಡ್ರಮ್ಮಿನ ಪೆಟ್ಟು ನಾಲ್ಕರಲ್ಲಿ ಮೂರನೇ ಬಡಿತಕ್ಕೆ ಬೀಳುವುದರಿಂದ ಮೈಗೆ 70 ಅನಿಸುತ್ತದೆ. ಮೇಲೆ ಹೈಹ್ಯಾಟ್, ಅಂದರೆ ಡ್ರಮ್ ಸೆಟ್ಟಿನ ಜೋಡಿ ತಾಳದ ಸದ್ದು, ನಾಲ್ಕು ಬಡಿತಕ್ಕೆ ಹದಿನಾರರಲ್ಲಿ ಓಡುತ್ತ ಮೂವತ್ತೆರಡಕ್ಕೆ ಒಡೆಯುತ್ತದೆ, ನಡುವೆ ತಕಿಟ ತಕಿಟ ಎಂದು ಮೂರಕ್ಕೆ ಹೊರಳುತ್ತದೆ. ಮುದಗಲ್ಲಿನ ಮೊಹರಂನಲ್ಲಿ ಅಲಾಯಿ ಕುಣಿಯ (ಬೆಂಕಿಯ ಗುಂಡಿಯ) ಸುತ್ತ ಹಲಗಿಯ ಸಣ್ಣ ಕಡ್ಡಿ ಮಾಡುವುದೂ ಇದನ್ನೇ.

ಹಲಗಿ ರೆಕಾರ್ಡ್ ಮಾಡುವಾಗ ಎಡವುವುದು ಎರಡು ಕಡೆ. ಫೋನನ್ನು ಚರ್ಮದ ಎದುರಿಗೇ ಹಿಡಿದರೆ ಸದ್ದು ಒಡೆಯುತ್ತದೆ. ಐದಾರು ಅಡಿ ದೂರ, ಸ್ವಲ್ಪ ಓರೆಯಾಗಿಟ್ಟು ಸದ್ದನ್ನು ತಾನಾಗಿ ಏರಿಳಿಸುವ ಆಟೋ ಗೇನ್ ಆಫ್ ಮಾಡಬೇಕು. ಎರಡನೆಯದು ಕಾವು. ಬೆಂಕಿಗೆ ಕಾಸಿದ ಚರ್ಮ ಆರುತ್ತ ಬಂದಂತೆ ಸಡಿಲಾಗಿ ಸ್ವರ ಇಳಿಯುತ್ತದೆ. ಬಿಡಿ ಪೆಟ್ಟುಗಳನ್ನೆಲ್ಲ ಒಂದೇ ಕಾವಿನಲ್ಲಿ ತೆಗೆಯಬೇಕು, ಇಲ್ಲದಿದ್ದರೆ ಮತ್ತೆ ಕಾಸಬೇಕು. ಪ್ರತಿ ಪೆಟ್ಟನ್ನೂ ಏಳೆಂಟು ಸಲ ತೆಗೆದಿಟ್ಟುಕೊಳ್ಳಿ. ಒಂದನ್ನೇ ನಕಲು ಮಾಡಿದರೆ ರೋಲ್, ಅಂದರೆ ಸಾಲುಪೆಟ್ಟು, ಹೊಲಿಗೆ ಮಷಿನ್ನಿನಂತೆ ಕೇಳುತ್ತದೆ. ಕಡ್ಡಿಯ ಸದ್ದಿನಲ್ಲಿ 300 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಆ ಜಾಗ ಬೇಸ್‌ಗೆ ಬಿಡಿ. ಪೆಟ್ಟುಗಳನ್ನು ತಾಳಕ್ಕೆ ಕರಾರುವಾಕ್ಕಾಗಿ ಕೂರಿಸುವ ಕ್ವಾಂಟೈಸ್ ಅರ್ಧಕ್ಕಿಂತ ಹೆಚ್ಚು ಬೇಡ, ಕೈಯ ವಾಲಾಟವೇ ಅದರ ಜೀವ.

808 ಎಂಬ ಡ್ರಮ್ ಯಂತ್ರದ ಬೇಸ್ ಹಾಡಿನ ಶ್ರುತಿಗೆ ಕೂಡಲೇಬೇಕು. 55 ಹರ್ಟ್ಸ್‌ನ ಸ್ವರ ಫೋನ್ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ. ಸದ್ದನ್ನು ಸ್ವಲ್ಪ ಒರಟಾಗಿಸುವ ಸ್ಯಾಚುರೇಶನ್ ಹಾಕಿದರೆ 110, 165ರ ಮೇಲ್ಸ್ವರಗಳು ಹುಟ್ಟಿ ಕಿವಿ ಬೇಸನ್ನು ಊಹಿಸಿಕೊಳ್ಳುತ್ತದೆ. ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಬಿದ್ದ ಗಳಿಗೆಗೆ ಬೇಸ್ ತಗ್ಗದಿದ್ದರೆ ಎರಡೂ ಕೆಸರಾಗುತ್ತವೆ.

ಮಾತಿನ ವಿಷಯಕ್ಕೆ ಬಂದರೆ, ‘ಹೋಗುತ್ತಿದ್ದೇನೆ’ ಐದು ಅಕ್ಷರ, ಟ್ರಿಪ್ಲೆಟ್ಟಿನಲ್ಲಿ, ಅಂದರೆ ಮೂರರ ನಡೆಯಲ್ಲಿ, ತೊಡರುತ್ತದೆ. ‘ಹೊಂಟೀನಿ’ ಮೂರೇ, ತಕಿಟಕ್ಕೆ ಅಳೆದು ಹೊಲಿದಂತೆ. ರ್‍ಯಾಪರ್ ಸಾಲಿನ ಹಿಂದೆ ಹಾಕುವ ಕೂಗು, ಆ್ಯಡ್‌ಲಿಬ್? ದರೋಜಿ ಈರಮ್ಮನ ಬುರ್ರಕಥೆಯ ಹಿಮ್ಮೇಳ ಕೇಳಿ ಬೆಳೆದ ಬಳ್ಳಾರಿ ಸೀಮೆಗೆ ಅದನ್ನು ಯಾರೂ ಕಲಿಸಬೇಕಿಲ್ಲ.

ಒಂದು ಮಾತು ಮಾತ್ರ ಒಪ್ಪಲೇಬೇಕು. 808 ಕೂಡ ಅಟ್ಲಾಂಟಾದ್ದಲ್ಲ. ಜಪಾನಿನ ರೋಲ್ಯಾಂಡ್ 1980ರಲ್ಲಿ ತಂದು 1983ಕ್ಕೆ ನಿಲ್ಲಿಸಿದ ಯಂತ್ರ ಅದು. ಇಲ್ಲಿಯವರೂ ಸಾಲ ತಂದವರೇ, ಅದನ್ನು ತಮ್ಮದಾಗಿಸಿಕೊಳ್ಳಲು ವರ್ಷಗಳೇ ಹಿಡಿದವು. ರಾಯಚೂರಿನ ಹುಡುಗರು ಫೋನಿನಲ್ಲೇ, ಪುಕ್ಕಟೆ ಸ್ಯಾಂಪಲ್ ಪ್ಯಾಕಿನಲ್ಲಿ, ಕರೆಂಟ್ ಹೋದಾಗ ಬ್ಯಾಟರಿ ಉಳಿಸಿಕೊಂಡು ಮಿಕ್ಸ್ ಮಾಡುತ್ತಾರೆ. ಆ ಹಾಡಿನ ಬೇಸ್ ಶ್ರುತಿಗೆ ಸರಿಯಾಗಿಯೇ ಕೂತಿತ್ತು.