ಚೀಟಿ ಕಳೆದುಕೊಂಡ ದರೋಡೆ ನೊಣಗಳು

ಸತ್ತ ನೊಣವೊಂದರ ಬೆಲೆ ಬಹುಪಾಲು ಅದರ ಕೆಳಗೆ ಗುಂಡುಸೂಜಿಗೆ ಚುಚ್ಚಿರುವ ಪುಟ್ಟ ಚೀಟಿಯಲ್ಲಿರುತ್ತದೆ. ಎಲ್ಲಿ, ಯಾವಾಗ, ಯಾರು ಹಿಡಿದರು ಎಂಬಷ್ಟು ಅದರಲ್ಲಿದ್ದರೆ ಸಾಕು. 1950ರ ದಶಕದಲ್ಲಿ ಕೀಟ ಸಂಗ್ರಾಹಕ ಪಿ. ಸುಸೈ ನಾಥನ್ ಕೊಡಗಿನಲ್ಲಿ ಹಿಡಿದ ಕೀಟಗಳು ಇಂದಿಗೂ ದೂರದೇಶಗಳ ಸಂಗ್ರಹಾಲಯಗಳಲ್ಲಿ ‘ದಕ್ಷಿಣ ಕೊಡಗು, ಅಮ್ಮತ್ತಿ, 3100 ಅಡಿ’ ಎಂಬ ವಿಳಾಸ ಸಮೇತ ಉಳಿದಿವೆ. ನನ್ನ ಚಿಕ್ಕಪ್ಪ ತಮ್ಮ ಕಾಲೇಜು ದಿನಗಳಲ್ಲಿ ಹಿಡಿದ ದರೋಡೆ ನೊಣಗಳು, ಅಂದರೆ ಬೇರೆ ಕೀಟಗಳನ್ನು ಬೇಟೆಯಾಡುವ ನೊಣಗಳು, ಮಾತ್ರ ಊರು ಕೇರಿ ಒಂದೂ ಇಲ್ಲದೆ ವಿರಾಜಪೇಟೆಯ ಬಳಿಯ ಮನೆಯೊಂದರ ಅಟ್ಟದಲ್ಲಿವೆ.

ಇದಕ್ಕೆ ಕಾರಣ ಮಳೆಯಲ್ಲ, ಬೂಷ್ಟೂ ಅಲ್ಲ, ಹುತ್ತರಿ. ಹಬ್ಬಕ್ಕೆಂದು ಮನೆ ಚೊಕ್ಕಟ ಮಾಡಿದ ಚಿಕ್ಕಮ್ಮ ಡಬ್ಬ ತೆರೆದು, ಹಳದಿಗಟ್ಟಿದ ಕಾಗದದ ಚೂರುಗಳನ್ನೆಲ್ಲ ಕಸವೆಂದು ಒಲೆಗೆ ಹಾಕಿ, ನೊಣಗಳನ್ನು ಮಾತ್ರ ಜೋಪಾನವಾಗಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಚುಚ್ಚಿ, ಹೊಸ ನುಸಿಗುಳಿಗೆ ಇಟ್ಟು ಮುಚ್ಚಿದ್ದರು. ಅವರ ಶಿಸ್ತಿನಲ್ಲಿ ತಪ್ಪು ಹುಡುಕುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ.

ಅವನ್ನು ಗುರುತಿಸುವ ಕೆಲಸ ನನ್ನ ಪಾಲಿಗೆ ಬಂತು. ದರೋಡೆ ನೊಣದ ಕುಟುಂಬವನ್ನು ಹೇಳುವುದು ಸುಲಭ: ತಲೆಯ ಮೇಲೆ ಎರಡು ಕಣ್ಣುಗಳ ನಡುವೆ ತಗ್ಗು, ಮುಖದ ಮೇಲೆ ಬಿರುಗೂದಲ ಮೀಸೆ, ಹಾರುತ್ತಿರುವ ಬೇಟೆಗೆ ಚುಚ್ಚಿ ವಿಷದ ಜೊಲ್ಲು ಬಿಟ್ಟು ಒಳಗಿನದನ್ನು ಕರಗಿಸಿ ಹೀರುವ ಗಟ್ಟಿ ಸೊಂಡಿಲು. ಕಷ್ಟ ಶುರುವಾಗುವುದು ಅನಂತರ, ಏಕೆಂದರೆ ಈ ಕುಟುಂಬದಲ್ಲಿ 7,000ಕ್ಕೂ ಹೆಚ್ಚು ಪ್ರಭೇದಗಳಿವೆ. ರೆಕ್ಕೆಯ ನರಗಳ ನಡುವಿನ ಅಂಚಿನ ಕೋಶ ತೆರೆದಿದೆಯೋ ಮುಚ್ಚಿದೆಯೋ ನೋಡಬೇಕು. ಸ್ಪರ್ಶಾಂಗದ ಗೆಣ್ಣುಗಳನ್ನು ಎಣಿಸಬೇಕು. ಸ್ಪರ್ಶಾಂಗ ಮುರಿದಿದ್ದರೆ ಅದೂ ಇಲ್ಲ. ಕೊನೆಗೆ ಪ್ರಭೇದ ತೀರ್ಮಾನವಾಗುವುದು ಸಾಮಾನ್ಯವಾಗಿ ಗಂಡಿನ ಹೊಟ್ಟೆಯ ತುದಿಯಲ್ಲಿರುವ ಜನನಾಂಗದ ಆಕಾರದಿಂದ. ಬೆಳಗಿನ ಕಾಫಿಯ ಹೊತ್ತಿಗೆ ಭೂತಗನ್ನಡಿ ಹಿಡಿದು ನೊಣದ ಹಿಂಭಾಗವನ್ನು ಪರೀಕ್ಷಿಸುತ್ತಿದ್ದ ನನ್ನನ್ನು ಕಂಡು, “ಪಾಪ, ಪಟ್ಟಣದಲ್ಲಿ ಕೆಲಸ ಬಿಟ್ಟನಂತೆ” ಎಂದು ಪಕ್ಕದ ತೋಟದ ಅಜ್ಜಿ ಮರುಕಪಟ್ಟರು.

ಒಂದು ಮಾದರಿಯನ್ನು ಚಿಕ್ಕಪ್ಪ ನೊಣವೆಂದೇ ಒಪ್ಪಲಿಲ್ಲ. ಕಪ್ಪು ಮೈ, ದಪ್ಪ ಸೊಂಟ, ನೋಡಲು ಮರ ಕೊರೆಯುವ ದುಂಬಿಯೇ. ಆದರೆ ದುಂಬಿಗಿರುವ ನಾಲ್ಕರ ಬದಲು ರೆಕ್ಕೆ ಇದ್ದದ್ದು ಎರಡೇ. ಹಿಂದಿನ ಜೋಡಿಯ ಜಾಗದಲ್ಲಿ ಗುಂಡು ತಲೆಯ ಪುಟ್ಟ ಕಡ್ಡಿಗಳು. ಹೈಪರೆಕಿಯಾ ಎಂಬ ಈ ಗುಂಪಿನ ನೊಣಗಳು ದುಂಬಿಯ ವೇಷದಲ್ಲೇ ತಿರುಗುತ್ತವೆ, ಅವುಗಳ ಮರಿಹುಳುಗಳೋ ಮರದೊಳಗಿನ ದುಂಬಿಯ ಮರಿಗಳನ್ನೇ ತಿಂದು ಬೆಳೆಯುತ್ತವೆ ಎಂದು ನಾನು ವಿವರಿಸಿದಾಗ, ಚಿಕ್ಕಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಹಾಗಾದರೆ ಕೊಟ್ಟಿಗೆಯ ತೊಲೆ ಕೊರೆಯುವ ದುಂಬಿಗಳಿಗೆ ಇವನ್ನು ಬಿಡಬಹುದೇ ಎಂದು ಗಂಭೀರವಾಗಿ ಕೇಳಿದರು.

ಸ್ಥಳದ ವಿಚಾರ ಬಂದಾಗ ಅವರ ನೆನಪು ಬಹಳ ಉದಾರವಾಯಿತು. ಮೊದಲು ಎಲ್ಲವೂ ನಮ್ಮ ತೋಟದವು. ಊಟದ ಹೊತ್ತಿಗೆ ಎರಡು ಕುಶಾಲನಗರಕ್ಕೆ ಹೋದವು. ಸಂಜೆಯ ವೇಳೆಗೆ ಒಂದು ಭಾಗಮಂಡಲ ತಲುಪಿತು. ಧಾರಾಕಾರ ಮಳೆಯ ಭಾಗಮಂಡಲಕ್ಕೂ ಬಯಲುಸೀಮೆಯ ಅಂಚಿನ ಕುಶಾಲನಗರಕ್ಕೂ ಜೀವಿಗಳ ಲೆಕ್ಕದಲ್ಲಿ ಅಜಗಜಾಂತರವಿದೆ ಎಂದರೆ, “ಜಿಲ್ಲೆ ಒಂದೇ ಅಲ್ಲವೇನೋ” ಎಂದರು. ಕಾಲ ಕೇಳಿದರೆ, ಕಾಫಿ ಅರಳಿಸುವ ಹೂಮಳೆ ಬಿದ್ದ ವಾರ, ಆನೆ ಬೇಲಿ ಮುರಿದ ವರ್ಷ. ನಮ್ಮಲ್ಲಿ ಆನೆ ಬೇಲಿ ಮುರಿಯದ ವರ್ಷ ಯಾವುದೆಂದು ಹೇಳಿದ್ದರೆ ಹುಡುಕಲು ಅನುಕೂಲವಾಗುತ್ತಿತ್ತು.

ಊಹೆಯನ್ನು ದಾಖಲೆಯೆಂದು ಬರೆಯುವುದು ಖಾಲಿ ಬಿಡುವುದಕ್ಕಿಂತ ಕೆಟ್ಟದ್ದು. ಮುಂದೊಂದು ದಿನ ಯಾರೋ ಅದನ್ನು ನಂಬಿ ನಕ್ಷೆಯಲ್ಲಿ ಚುಕ್ಕೆ ಇಟ್ಟುಬಿಡುತ್ತಾರೆ. ಆದ್ದರಿಂದ ಹೊಸ ಚೀಟಿಗಳಲ್ಲಿ ‘ಬಹುಶಃ ಕೊಡಗು, ದಿನಾಂಕವಿಲ್ಲ, ಮೂಲ ಚೀಟಿ ನಷ್ಟ’ ಎಂದು ಬರೆದು, ಸಂಗ್ರಹಿಸಿದವರ ಸಾಲಿನಲ್ಲಿ ಚಿಕ್ಕಪ್ಪನ ಹೆಸರು ಹಾಕಿದೆ. ಅದನ್ನು ಓದಿದ ಚಿಕ್ಕಮ್ಮ, ಇಷ್ಟು ವರ್ಷ ನುಸಿಗುಳಿಗೆ ಹಾಕಿ ಕಾಪಾಡಿದವರ ಹೆಸರು ಎಲ್ಲಿ ಎಂದು ಕೇಳಿದರು. ಚೀಟಿಯಲ್ಲಿ ಜಾಗವಿರಲಿಲ್ಲ; ಇನ್ನೊಂದು ಚೀಟಿ ಕತ್ತರಿಸಿದೆ.