ಪರದೆಯ ಮೇಲಿನ ಚಕ್ರ ಮತ್ತು ಅದರ ಹಿಂದಿನ ಮಾತು

ಎರಡು ರಾತ್ರಿಗಳ ಕಾಲ ಒಂದೇ ದೃಶ್ಯವನ್ನು ನೋಡುತ್ತಾ ಕುಳಿತಿದ್ದೆ: ಕಪ್ಪು ಪರದೆ, ನಡುವೆ ಒಂದು ಲೋಗೊ, ಅದರ ಕೆಳಗೆ ಅರ್ಧ ಸುತ್ತು ತಿರುಗಿ ಅಲ್ಲಿಯೇ ನಿಂತುಬಿಡುವ ಪುಟ್ಟ ಚಕ್ರ. ಇದು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ನಡೆಯುವ ನನ್ನ ಹಳೆಯ ಲ್ಯಾಪ್‌ಟಾಪಿನ ಕಥೆ. ಕರ್ನಲ್, ಅಂದರೆ ಆ ವ್ಯವಸ್ಥೆಯ ತಿರುಳು, ಅಪ್‌ಡೇಟ್ ಆದ ಮರುದಿನದಿಂದ ಅದು ಬೂಟ್ ಆಗುವುದನ್ನು, ಅಂದರೆ ಆನ್ ಮಾಡಿದಾಗ ಎದ್ದು ಕೆಲಸಕ್ಕೆ ಸಿದ್ಧವಾಗುವುದನ್ನು, ನಿಲ್ಲಿಸಿತು.

ಯಂತ್ರ ಕೆಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ, ಹಳೆಯದು ಕೆಡುತ್ತದೆ. ಏನು ಕೆಟ್ಟಿದೆ ಎಂದು ಅದು ಹೇಳುತ್ತಿರುವಾಗಲೇ ಅದರ ಬಾಯಿಗೆ ಬಟ್ಟೆ ತುರುಕುವ ಈ ಚಕ್ರದ ಮೇಲೆ ನನ್ನ ಸಿಟ್ಟು. ಲಿನಕ್ಸ್ ಬೂಟ್ ಆಗುವಾಗ ಯಾವ ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನು ನಡೆಸುವ ತಂತ್ರಾಂಶ) ಎದ್ದಿತು, ಯಾವ ಡಿಸ್ಕ್ ಸಿಕ್ಕಿತು, ಯಾವುದು ಸಿಗಲಿಲ್ಲ ಎಂದು ಸಾಲುಸಾಲಾಗಿ ವರದಿ ಒಪ್ಪಿಸುತ್ತದೆ. ಆದರೆ ಕರ್ನಲ್ ಹೇಗೆ ಏಳಬೇಕೆಂದು ಹೇಳುವ ಬೂಟ್ ಸಾಲಿನಲ್ಲಿರುವ 'ಕ್ವಯಟ್' ಮತ್ತು 'ಸ್ಪ್ಲ್ಯಾಶ್' ಎಂಬ ಎರಡು ಪದಗಳು ಸೇರಿ ಆ ವರದಿಯನ್ನು ಮುಚ್ಚಿ, ಅದರ ಮೇಲೆ ಚಿತ್ರವನ್ನು ಅಂಟಿಸುತ್ತವೆ.

ಕೊನೆಗೆ ದಾರಿ ತೋರಿಸಿದ್ದು ಕ್ಯಾಪ್ಸ್ ಲಾಕ್ ಕೀ. ಪರದೆ ಹೆಪ್ಪುಗಟ್ಟಿದ್ದಾಗ ಅದನ್ನು ಒತ್ತಿದೆ. ದೀಪ ಹೊತ್ತಿತು, ಮತ್ತೆ ಒತ್ತಿದರೆ ಆರಿತು. ಅಂದರೆ ಕರ್ನಲ್ ಬದುಕಿದೆ, ಸತ್ತಿರುವುದು ಪರದೆ ಮಾತ್ರ. ದೀಪ ತಾನಾಗಿಯೇ ಮಿಟುಕುತ್ತಿದ್ದರೆ ಅದು ಕರ್ನಲ್ಲೇ ಕುಸಿದು ನಿಲ್ಲುವ ಕರ್ನಲ್ ಪ್ಯಾನಿಕ್ ಇದ್ದೀತು, ಆಗ ಬೇರೆಯೇ ಚಿಕಿತ್ಸೆ. ಮತ್ತೆ ಆನ್ ಮಾಡಿ, ಶಿಫ್ಟ್ ಒತ್ತಿ ಹಿಡಿದು, ಕರ್ನಲನ್ನು ಎಬ್ಬಿಸುವ ಗ್ರಬ್ ಎಂಬ ತಂತ್ರಾಂಶದ ಮೆನು ತರಿಸಿ (ಬಯಾಸ್ ಬದಲು ಹೊಸ ಬಗೆಯ ಯುಇಎಫ್‌ಐ ಇರುವ ಯಂತ್ರಗಳಲ್ಲಿ ಎಸ್ಕೇಪ್), 'ಇ' ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನಿಂದ ಆ ಎರಡು ಪದಗಳನ್ನು ಅಳಿಸಿ ಎಫ್10 ಒತ್ತಿದೆ. ಅಕ್ಷರಗಳು ಸುರಿದವು, ಗ್ರಾಫಿಕ್ಸ್ ಡ್ರೈವರಿನ ಹೆಸರು ಬಂದಲ್ಲಿಗೆ ನಿಂತವು. ಕೊನೆಗೆ ಕಾಣುವ ಸಾಲೇ ಅಪರಾಧಿ ಎಂದುಕೊಳ್ಳುವ ಹಾಗಿಲ್ಲ, ಎಷ್ಟೋ ಸಲ ತಪ್ಪು ಮಾಡಿದ್ದು ಅದರ ನಂತರ ಬರಬೇಕಾಗಿದ್ದು ಬಾರದೇ ಹೋದದ್ದು; ಆದರೂ ಈ ಬಾರಿ ಅದೇ ಸಾಲಿಗೆ 'ನೋಮೋಡ್‌ಸೆಟ್' ಸೇರಿಸಿ, ಆ ಡ್ರೈವರ್ ಪರದೆಯನ್ನು ವಶಪಡಿಸಿಕೊಳ್ಳದಂತೆ ತಡೆದ ಕೂಡಲೇ ಯಂತ್ರ ಮುಂದೆ ಸಾಗಿತು. ಐದು ನಿಮಿಷದ ಕೆಲಸಕ್ಕೆ ಎರಡು ರಾತ್ರಿ!

ಇಷ್ಟೊಂದು ಅಕ್ಷರಗಳನ್ನು ಕಂಡರೆ ಸಾಮಾನ್ಯ ಬಳಕೆದಾರರು ಗಾಬರಿಯಾಗುತ್ತಾರೆ ಎಂಬ ವಾದ ನನಗೆ ತಿಳಿಯದ್ದಲ್ಲ. ಸರಿ, ಎಲ್ಲವೂ ನೆಟ್ಟಗಿರುವಾಗ ಚಿತ್ರವನ್ನೇ ತೋರಿಸಿ, ಯಾರು ಬೇಡವೆಂದರು? ಆದರೆ ಅಲುಗಾಡದ ಚಕ್ರದ ಮುಂದೆ ಅರ್ಧ ಗಂಟೆ ಕುಳಿತವನಿಗೆ ಆಗುವ ಗಾಬರಿ ಕಡಿಮೆಯದೇ? ಅರ್ಥವಾಗದ ಒಂದು ಸಾಲನ್ನು ನಾಲ್ಕು ಜನರಿಗೆ ತೋರಿಸಿ ಕೇಳಬಹುದು. ಚಕ್ರದ ಫೋಟೊ ತೆಗೆದು ಯಾರಿಗೆ ಕಳುಹಿಸಲಿ?

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಡ್ರೈವರಿನ ಗಂಡಾಂತರ ದಾಟಿದ ಮೇಲೆ ಬೂಟ್ ಇನ್ನೊಮ್ಮೆ ನಿಂತಿತು, ಈ ಸಲ ಯಾವುದೋ ಡಿಸ್ಕಿಗಾಗಿ ಕಾಯುತ್ತಿರುವುದಾಗಿ ಹೇಳುತ್ತಾ ಸೆಕೆಂಡು ಎಣಿಸತೊಡಗಿತು. ಕರ್ನಲ್ ಎದ್ದ ಮೇಲೆ ಉಳಿದದ್ದನ್ನೆಲ್ಲ ಎಬ್ಬಿಸುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾಯುತ್ತದೆ. ಕಾದು, ಸೋತು, ನನ್ನನ್ನು ರಿಪೇರಿಗೆ ಬೇಕಾದಷ್ಟು ಮಾತ್ರ ಇರುವ ಎಮರ್ಜೆನ್ಸಿ ಮೋಡ್‌ಗೆ ತಳ್ಳಿತು. ಆ ಡಿಸ್ಕನ್ನು ಬಿಚ್ಚಿ ತೆಗೆದವನು ನಾನೇ, ಹಿಂದಿನ ವಾರ, ಕಟಕಟ ಸದ್ದು ಮಾಡುತ್ತದೆ ಎಂದು. ಬೂಟ್ ಆಗುವಾಗ ಯಾವ ಡಿಸ್ಕುಗಳನ್ನು ಜೋಡಿಸಬೇಕೆಂದು ಪಟ್ಟಿ ಮಾಡುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿದ್ದ ಅದರ ಸಾಲನ್ನು ಅಳಿಸುವುದಾಗಲಿ, ಕನಿಷ್ಠ ಡಿಸ್ಕ್ ಸಿಗದಿದ್ದರೂ ಮುಂದೆ ಸಾಗು ಎನ್ನುವ 'ನೋಫೇಲ್' ಪದವನ್ನು ಸೇರಿಸುವುದಾಗಲಿ ಮಾಡಿರಲಿಲ್ಲ. ಊರಿಗೆಲ್ಲ ಇದನ್ನೇ ಉಪದೇಶಿಸುವ ಮನುಷ್ಯ ನಾನು. ಆದರೆ ಗಮನಿಸಿ, ನನ್ನ ಈ ಪೆದ್ದುತನವೂ ಎದ್ದು ಕಂಡದ್ದು ಆ ಎರಡು ಪದಗಳನ್ನು ಅಳಿಸಿದ್ದರಿಂದಲೇ.

ನೋಮೋಡ್‌ಸೆಟ್ ಹಾಕಿದರೆ ಪರದೆಯ ರೆಸಲ್ಯೂಷನ್ ಕುಸಿಯುವುದರಿಂದ ಸದ್ಯಕ್ಕೆ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲನ್ನೇ ಆರಿಸಿಕೊಂಡು ನಡೆಸುತ್ತಿದ್ದೇನೆ. ಕ್ವಯಟ್, ಸ್ಪ್ಲ್ಯಾಶ್ ಎರಡನ್ನೂ ಗ್ರಬ್‌ನ ಸೆಟ್ಟಿಂಗ್ ಕಡತದಿಂದಲೇ ಕಿತ್ತು ಹಾಕಿದ್ದೇನೆ. ಇನ್ನು "ಹೊಸದು ತೆಗೆದುಕೊಳ್ಳಬಾರದೇ" ಎಂದು ಕಾಮೆಂಟ್ ಹಾಕಲು ಹೊರಟಿರುವ ಗೆಳೆಯರಿಗೆ ಒಂದೇ ಮಾತು: ಆ ಚಕ್ರ ಹೊಸದರಲ್ಲೂ ಇರುತ್ತದೆ.