ವಿಲನ್ ಕಾಕಾ

ಸೇಡಂ ಬಸ್ಸಿನಲ್ಲಿ ಪಕ್ಕದ ಹುಡುಗ ಮೊಬೈಲ್‌ನಲ್ಲಿ ಸಿನಿಮಾ ಹಚ್ಚಿದ್ದ. ಇಯರ್‌ಫೋನ್ ಇಲ್ಲ. ಮಳಖೇಡ ದಾಟುವವರೆಗೂ ವಿಲನ್ ನಕ್ಕಿದ್ದೇ ನಕ್ಕಿದ್ದು. ಹೀರೊ ಒದ್ದ ಮೇಲಾದರೂ ಸುಮ್ಮನಾಗುತ್ತಾನೆ ಅಂದುಕೊಂಡೆ. ಹುಡುಗ ಹಿಂದಕ್ಕೆ ಎಳೆದು ಅದೇ ನಗುವನ್ನು ಮತ್ತೆ ಹಾಕಿದ.

ಈ ವಿಲನ್ ಮೊದಲು ಹೊಲದಲ್ಲಿ ದುಡಿಯುವವನಾಗಿದ್ದ. ಲ್ಯಾಟಿನ್‌ನ ವಿಲ್ಲಾ ಎಂದರೆ ಹೊಲಗದ್ದೆ ಇರುವ ದೊಡ್ಡ ಮನೆ, ಅಲ್ಲಿಯ ಆಳು ವಿಲ್ಲಾನಸ್. ಫ್ರೆಂಚರ ಬಾಯಿಂದ ಇಂಗ್ಲೆಂಡಿಗೆ ಹೋದ. ಅಲ್ಲಿ ಜಮೀನ್ದಾರನ ಅಪ್ಪಣೆ ಇಲ್ಲದೆ ಊರು ಬಿಡುವಂತಿಲ್ಲ, ಮಗಳ ಮದುವೆಗೂ ಅವನಿಗೆ ದುಡ್ಡು ಕಟ್ಟಬೇಕು. ಕೊನೆಗೆ ಆ ಆಳಿನ ಹೆಸರೇ ನೀಚನ ಹೆಸರಾಯಿತು. 19ನೇ ಶತಮಾನದ ಹೊತ್ತಿಗೆ ನಾಟಕದ ಖಳನೂ ಅವನೇ. ಜಮೀನ್ದಾರ ಮಾತ್ರ ಲಾರ್ಡ್. ದೇವರಿಗೂ ಅದೇ ಹೆಸರು! ನಾವೇನು ಕಡಿಮೆಯಾ? ಗಮಾರ ಅಂದರೆ ಹಳ್ಳಿಯವನು ತಾನೆ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ವಿಶೇಷ ಎಂಬ ಸರ್ಕಾರಿ ಗುರುತು, ಸಿಕ್ಕಿತು. ಅದನ್ನು ಬೆಳೆದವನು ಪೇಟೆಗೆ ಬಂದರೆ ಇವತ್ತಿಗೂ ಗಮಾರ.

ನಮ್ಮೂರ ಜಾತ್ರೆಯ ನಾಟಕದಲ್ಲಿ ನಮ್ಮ ಕಾಕಾನೇ ವಿಲನ್. ದಿನಾ ತೊಗರಿ ಹೊಲ, ರಾತ್ರಿ ತಾಲೀಮು. ಬಡವರ ಹೊಲ ನುಂಗುವ ಸಾವ್ಕಾರನ ಪಾತ್ರ. ನಾಟಕದ ದಿನ ಮೀಸೆ ತಿರುವಿ, 'ನೂರಕ್ಕ ತಿಂಗಳಿಗಿ ಎರಡು ರೂಪಾಯಿ ಬಡ್ಡಿ! ಒಂದು ಪೈಸಾ ಬಿಡಂಗಿಲ್ಲ!' ಎಂದು ಗುಡುಗಿದ. ಜನ ಹೆದರಬೇಕಿತ್ತು. ಹಿಂದಿನಿಂದ ಯಾರೋ ಕೂಗಿದರು: 'ಇಷ್ಟು ಸಸ್ತಾ ಎಲ್ಲಿ ಸಿಗತದ? ನನಗೂ ಒಂದು ಲಕ್ಷ ಕೊಡ್ರಿ ಸಾವ್ಕಾರ್ರ!' ಇನ್ನೊಬ್ಬ ಎದ್ದು ನಿಂತ. ಹೆಣ್ಣುಮಕ್ಕಳ ಕಡೆಯಿಂದಲೂ ಒಂದು ಬೇಡಿಕೆ ಬಂತು. ಹೀರೊ ಬಂದು ಸಾವ್ಕಾರನ ಕೊರಳಪಟ್ಟಿ ಹಿಡಿದಾಗ ಜನ ಹೀರೊನ ಮೇಲೆಯೇ ಸಿಟ್ಟಾದರು. ಸಾಲ ಕೊಡುವವನನ್ನು ಹೊಡೆದರೆ ಮುಂದೆ ಬಿತ್ತನೆಗೆ ಯಾರ ಹತ್ತಿರ ಹೋಗುವುದು?

ಮರುವರ್ಷ ನಾಟಕದ ಮಾಸ್ತರರು ಬಡ್ಡಿಯನ್ನು ಐದು ರೂಪಾಯಿಗೆ ಏರಿಸಿದರು. ಕಾಕಾ ಒಪ್ಪಲಿಲ್ಲ. 'ಅಷ್ಟು ತಗೊಂಡ್ರ ನಾ ಮನಷಾ ಏನ್ರಿ? ನನ್ನ ಹತ್ರ ಬಡ್ಡಿ ತಗೊಳ್ಳಾಕ್ಯೂ ಮೂರೇ ತಗೋತಾಳ' ಎಂದ. ಮಾಸ್ತರರು ನಾಲ್ಕಕ್ಕೆ ಇಳಿದರು. ಕಾಕಾ ಕರಗಲಿಲ್ಲ. ಚೌಕಾಶಿ ತಾಲೀಮಿಗಿಂತ ಜಾಸ್ತಿ ದಿನ ನಡೆಯಿತು.

ಬೇಸತ್ತ ಮಾಸ್ತರರು ಸಾಮಾಜಿಕ ನಾಟಕವನ್ನೇ ಬಿಟ್ಟು ಪೌರಾಣಿಕ ಹಿಡಿದಿದ್ದಾರೆ. ಕಾಕಾ ಈಗ ದುರ್ಯೋಧನ. ಅಲ್ಲಿ ಬಡ್ಡಿ ಇಲ್ಲ, ಬರೀ ಜೂಜು.